ತಡೆಹಿಡಿದ ಹದಿನಾಲ್ಕು ಕಾಗದಗಳು

ಲೈಪ್‌ಜಿಗ್, ಜರ್ಮನಿ
14 ಸೆಪ್ಟೆಂಬರ್ 1999

ಮಾನ್ಯ ಶ್ರೀಮತಿ ಊರ್ಮಿಳಾ ಅವರಿಗೆ ನಮಸ್ಕಾರಗಳು.

ಲಕೋಟೆಯ ಮೇಲೆ ಜರ್ಮನಿಯ ಅಂಚೆಮುದ್ರೆ, ಒಳಗೆ ಕನ್ನಡ ಅಕ್ಷರ. ನಿಮಗೆ ಆಶ್ಚರ್ಯವಾಗಬಹುದು. ನಾನು ಕ್ಲೌಸ್ ಲಿಂಡ್ನರ್. ಈ ಊರು ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಸರ್ಕಾರದ ಕೈಯಲ್ಲಿದ್ದಾಗ ನೀವು ಮುದ್ರಣ ಶಾಯಿಯ ರಸಾಯನಶಾಸ್ತ್ರ ಓದಲು ಮೈಸೂರಿನಿಂದ ಇಲ್ಲಿಗೆ ಬಂದಿದ್ದಿರಿ. ನಾನು ಗ್ರಂಥಾಲಯದ ಎರಡನೆಯ ಮಹಡಿಯಲ್ಲಿ ಸಹಾಯಕನಾಗಿದ್ದೆ. ಹಳೆಯ ವ್ಯಾಕರಣ ಪುಸ್ತಕವೊಂದರಿಂದ ಕನ್ನಡ ಕಲಿತಿದ್ದ ನನಗೆ, ಪ್ರತಿ ಗುರುವಾರ ಮಧ್ಯಾಹ್ನ ನೀವು ಮಾತಾಡುವ ಕನ್ನಡ ಕಲಿಸಿದಿರಿ. ನಾನು ಪುಸ್ತಕದಲ್ಲಿದ್ದಂತೆ "ಹೋಗುತ್ತೇನೆ" ಎಂದಾಗ ನೀವು ನಕ್ಕು, "ಹಾಗೆ ಯಾರೂ ಅನ್ನಲ್ಲ ಕ್ಲೌಸ್, ಹೋಗಿ ಬರ್ತೀನಿ ಅನ್ನಬೇಕು" ಎಂದು ತಿದ್ದಿದಿರಿ.

ನಮ್ಮ ನಗರದ ಗ್ರಂಥಾಲಯಕ್ಕೆ ಈಗ ಇಂಟರ್ನೆಟ್ ಬಂದಿದೆ. ನಿಮ್ಮ ಕಡೆಯ ಕನ್ನಡ ಸಂಘದ ಪುಟದಲ್ಲಿ, ಮಕ್ಕಳಿಗೆ ಭಾನುವಾರ ಕನ್ನಡ ಕಲಿಸುವವರ ಪಟ್ಟಿಯಲ್ಲಿ ನಿಮ್ಮ ಹೆಸರು, ವಿಳಾಸ ಇದ್ದವು.

ನೀವು ಹೇಗಿದ್ದೀರಿ? ನಿಮ್ಮ ಜೊತೆ ಓದುತ್ತಿದ್ದ ಮಂಡ್ಯದ ಕೆಂಪರಾಜು ಅವರ ಸಂಪರ್ಕ ಇದೆಯೇ? ಆ ದಿನಗಳ ಬಗ್ಗೆ ಇಲ್ಲಿಂದ ಯಾರಾದರೂ ನಿಮಗೆ ಪತ್ರ ಬರೆದಿದ್ದಾರೆಯೇ? ಸುಮ್ಮನೆ ಕೇಳಿದೆ.

ನಿಮ್ಮ ಹಳೆಯ ವಿದ್ಯಾರ್ಥಿ,
ಕ್ಲೌಸ್


ಫಾಸ್ಟರ್ ಸಿಟಿ, ಕ್ಯಾಲಿಫೋರ್ನಿಯಾ
3 ಅಕ್ಟೋಬರ್ 1999

ಪ್ರಿಯ ಕ್ಲೌಸ್,

ನಿಮ್ಮ ಕಾಗದವನ್ನು ಮೇಲ್‌ಬಾಕ್ಸಿನ ಹತ್ತಿರ ನಿಂತುಕೊಂಡೇ ಓದಿದೆ. ಮಗಳು ರಂಜನಿ ಸ್ಕೂಲಿನಿಂದ ಬಂದವಳು ಇಣುಕಿ ನೋಡಿ "ಹೂ ಈಸ್ ಇಟ್ ಫ್ರಮ್, ಅಮ್ಮಾ?" ಅಂದಳು. "ನನ್ನ ಮೊದಲನೇ ಸ್ಟೂಡೆಂಟು" ಅಂದೆ. ಅಕ್ಷರ ನೋಡಿ "ಹೀ ರೈಟ್ಸ್ ಬೆಟರ್ ದ್ಯಾನ್ ಮಿ" ಎಂದು ಮುಖ ಸಪ್ಪಗೆ ಮಾಡಿಕೊಂಡಳು. ಅವಳಿಗೆ ಹನ್ನೊಂದು ವರ್ಷ. ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ.

ನಾನು ಚೆನ್ನಾಗಿದ್ದೇನೆ. ಇಲ್ಲಿ ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿ ಕೆಲಸ. ಶಾಯಿಯ ಕೆಮಿಸ್ಟ್ರಿ ಕೊನೆಗೆ ಮಾತ್ರೆಗಳ ಮೇಲಿನ ಬಣ್ಣಕ್ಕೆ ಉಪಯೋಗಕ್ಕೆ ಬಂತು ನೋಡಿ. ನನ್ನ ಯಜಮಾನರು ಅಭಿರಾಮ್ ಒಂದು ಸ್ಟಾರ್ಟಪ್ಪಿನಲ್ಲಿದ್ದಾರೆ. ಆಫೀಸಿನಲ್ಲೇ ಸ್ಲೀಪಿಂಗ್ ಬ್ಯಾಗು ಇಟ್ಟುಕೊಂಡಿದ್ದಾರೆ. ಮನೆಯ ಹಿಂದೆ ಲಗೂನು ಎನ್ನುವ ಹಿನ್ನೀರಿನ ಕೆರೆ, ಹುಲ್ಲಿನ ಮೇಲೆಲ್ಲ ಬಾತುಕೋಳಿ. ಗಾಳಿ ಮಾತ್ರ ಲೈಪ್‌ಜಿಗ್‌ನದ್ದಕ್ಕಿಂತ ಜೋರು. ಆದರೆ ಕಲ್ಲಿದ್ದಲ ಹೊಗೆ ಇಲ್ಲ.

ಕೆಂಪರಾಜು ವಿಷಯ ಕೇಳಿದಿರಿ. ಎಲ್ಲಿದ್ದಾನೋ ನನಗೆ ಗೊತ್ತಿಲ್ಲ. ಚರ್ಚಿನ ಯಾರೋ ಸ್ನೇಹಿತರಿಗಾಗಿ ಶಾಂತಿ ಪ್ರಾರ್ಥನೆಯ ಕರಪತ್ರ ನಲವತ್ತು ಪ್ರತಿ ಅಚ್ಚು ಹಾಕಿಕೊಟ್ಟ ಅಂತ 82ರ ಮಾರ್ಚಿನಲ್ಲಿ ಅವನನ್ನು ದೇಶದಿಂದಲೇ ಹೊರಗೆ ಹಾಕಿದರಲ್ಲ. ಆಗ ನಾವಿಬ್ಬರೂ ಮದುವೆಯಾಗುವುದು ಅಂತ ತೀರ್ಮಾನ ಮಾಡಿಕೊಂಡಿದ್ದೆವು. ನಿಮಗೂ ಅದು ಗೊತ್ತಿತ್ತು ಅನ್ನಿಸುತ್ತದೆ. ಹೊರಡುವಾಗ "ತಲುಪಿದ ತಕ್ಷಣ ಬರೀತೀನಿ" ಅಂದವನು ಒಂದು ಸಾಲು ಬರೆಯಲಿಲ್ಲ. ನಾನು ಮಂಡ್ಯಕ್ಕೆ ನಾಲ್ಕು ಕಾಗದ ಹಾಕಿ, ಐದನೆಯದನ್ನು ಹರಿದು ಹಾಕಿದೆ. ಆ ಚಳಿಗಾಲದಲ್ಲಿ ನಾನು ಪಾಠಕ್ಕೆ ಬರುವುದನ್ನೇ ಬಿಟ್ಟಾಗ ನೀವು ಹಾಸ್ಟೆಲ್ ಬಾಗಿಲಿಗೆ ಬಂದು ಒಂದು ಚೀಲ ಸೇಬು ಕೊಟ್ಟು, ಏನೂ ಕೇಳದೆ ಹೊರಟುಹೋದಿರಿ. ಆ ಊರಿನಲ್ಲಿ ನನ್ನನ್ನು ವಿಚಾರಿಸಿಕೊಂಡವರು ನೀವೊಬ್ಬರೇ. ಅದನ್ನು ಮರೆತಿಲ್ಲ.

ಇನ್ನು ಅವನ ಸುದ್ದಿ ಬೇಡ. ನಿಮ್ಮ ಸಂಸಾರ, ಕೆಲಸ ಎಲ್ಲ ಬರೆಯಿರಿ.

ನಿಮ್ಮ,
ಊರ್ಮಿಳಾ


ಲೈಪ್‌ಜಿಗ್
1 ನವೆಂಬರ್ 1999

ಮಾನ್ಯ ಊರ್ಮಿಳಾ ಅವರಿಗೆ,

ಸೇಬಿನ ವಿಷಯ ಓದಿದ ಮೇಲೆ ಎರಡು ವಾರ ನಿಮಗೆ ಏನೂ ಬರೆಯಲಾಗಲಿಲ್ಲ.

ಕ್ಲೌಸ್ ಲಿಂಡ್ನರ್ ಎಂಬ ಮನುಷ್ಯ ಇರಲಿಲ್ಲ. ಅದು ನನಗೆ ಕೊಟ್ಟಿದ್ದ ಹೆಸರು. ನನ್ನ ನಿಜವಾದ ಹೆಸರು ಡೀಟರ್ ಮೆಂಟ್ಸೆಲ್. ನಾನು ಗುಪ್ತ ಪೊಲೀಸ್ ಖಾತೆಯ ಅಧಿಕಾರಿಯಾಗಿದ್ದೆ. ಗ್ರಂಥಾಲಯದ ಕೆಲಸ ತೋರಿಕೆಯದು.

1968ರಲ್ಲಿ, ಹಿಂದಿ ಓದುತ್ತಿದ್ದ ವಿದ್ಯಾರ್ಥಿಯಾಗಿದ್ದಾಗ ಖಾತೆಗೆ ಸೇರಿದೆ. ನಿಮ್ಮ ರಾಜ್ಯದಿಂದ ವಿದ್ಯಾರ್ಥಿಗಳು ಬರತೊಡಗಿದಾಗ ಕನ್ನಡ ಕಲಿಯಲು ಹೇಳಿದರು. ಕಲಿತೆ. ಇಡೀ ದೇಶದ ಖಾತೆಯಲ್ಲಿ ಕನ್ನಡ ಓದಬಲ್ಲವನು ನಾನೊಬ್ಬನೇ ಇದ್ದೆ. ಅದರ ಬಗ್ಗೆ ನನಗೆ ಬಹಳ ಹೆಮ್ಮೆಯೂ ಇತ್ತು. ಅಂಚೆ ಕಚೇರಿಯ ಹಿಂಭಾಗದ ಕೋಣೆಯಲ್ಲಿ ಲಕೋಟೆಗಳನ್ನು ಹಬೆಯಲ್ಲಿ ಬಿಡಿಸುತ್ತಿದ್ದರು. ನಾನು ಓದಿ, ಸಾರಾಂಶ ಬರೆದು, ಮುಂದೆ ಹೋಗಬೇಕಾದದ್ದನ್ನು ಮತ್ತೆ ಅಂಟಿಸಲು ಕೊಡುತ್ತಿದ್ದೆ. ನಿಮ್ಮ ತಾಯಿಯವರ ಕಾಗದಗಳು ಹಾಗೆ ನನ್ನ ಕೈ ದಾಟಿ ನಿಮಗೆ ಬರುತ್ತಿದ್ದವು.

ಕೆಂಪರಾಜು ನಿಮಗೆ ಹದಿನಾಲ್ಕು ಕಾಗದ ಬರೆದರು. ಮೊದಲನೆಯದು 1982ರ ಏಪ್ರಿಲ್, ಕೊನೆಯದು 1983ರ ಡಿಸೆಂಬರ್. ಅವೆಲ್ಲವನ್ನೂ ನಾನು ತಡೆದೆ. ನಿಮ್ಮ ನಾಲ್ಕನ್ನೂ ತಡೆದೆ. ಸರ್ಕಾರ ಬಿದ್ದಾಗ ಕಚೇರಿಯಲ್ಲಿ ಎಲ್ಲರೂ ಕಡತಗಳನ್ನು ಹರಿಯುತ್ತಿದ್ದರು. ಅವರ ಹದಿನಾಲ್ಕನ್ನು ನಾನು ಕೋಟಿನೊಳಗೆ ಇಟ್ಟುಕೊಂಡು ಮನೆಗೆ ತಂದೆ. ಅವು ನನ್ನ ಹತ್ತಿರ ಇವೆ.

ಬೇಕಾದರೆ ಕಳಿಸುತ್ತೇನೆ. ಬೇಡವೆಂದರೆ ಸುಟ್ಟುಬಿಡುತ್ತೇನೆ.

ಡೀಟರ್ ಮೆಂಟ್ಸೆಲ್


ಫಾಸ್ಟರ್ ಸಿಟಿ
20 ನವೆಂಬರ್ 1999

ಮೆಂಟ್ಸೆಲ್,

ಅವು ನನ್ನವು. ಸುಡಲು ನೀವು ಯಾರು?

ನಮ್ಮ ಅಮ್ಮ ಅಣ್ಣನ ಸಂಸಾರದ ಜಗಳ, ತನ್ನ ಗರ್ಭಕೋಶದ ಆಪರೇಷನ್, ಎಲ್ಲವನ್ನೂ ನನಗೆ ಬರೆಯುತ್ತಿದ್ದಳು. ಅದನ್ನೆಲ್ಲ ಓದಿಕೊಂಡು ಬಂದು ಗುರುವಾರ ನನ್ನೆದುರು ಕೂತು "ನಿಮ್ಮ ತಾಯಿ ಆರೋಗ್ಯವೇ?" ಎಂದು ವಾಕ್ಯರಚನೆ ಅಭ್ಯಾಸ ಮಾಡುತ್ತಿದ್ದಿರಿ.

ಒಂದನ್ನೂ ಇಟ್ಟುಕೊಳ್ಳದೆ ಕಳಿಸಿ. ಜೊತೆಗೆ ವಿವರಣೆ ಬೇಡ.

ಊರ್ಮಿಳಾ


ಲೈಪ್‌ಜಿಗ್
10 ಡಿಸೆಂಬರ್ 1999

ಮಾನ್ಯ ಊರ್ಮಿಳಾ ಅವರಿಗೆ,

ಹದಿನಾಲ್ಕೂ ಈ ಪೊಟ್ಟಣದಲ್ಲಿವೆ. ತಾರೀಖಿನ ಪ್ರಕಾರ ಜೋಡಿಸಿದ್ದೇನೆ. ಹತ್ತನೆಯದು ನಿಮಗೆ ಅರ್ಥವಾಗುವುದಿಲ್ಲ. ಅದನ್ನು ಓದಿದ ಮೇಲೆ ದಯವಿಟ್ಟು ನನ್ನನ್ನು ಕೇಳಿ. ನೀವು ಕೇಳದೆ ನಾನಾಗಿ ಹೇಳುವ ಧೈರ್ಯ ನನಗಿಲ್ಲ.

ಡೀಟರ್ ಮೆಂಟ್ಸೆಲ್


ಲೈಪ್‌ಜಿಗ್
22 ಫೆಬ್ರವರಿ 2000

ಮಾನ್ಯ ಊರ್ಮಿಳಾ ಅವರಿಗೆ,

ಪೊಟ್ಟಣ ಜನವರಿ ಮೂರರಂದು ನಿಮ್ಮ ಮನೆಗೆ ತಲುಪಿದೆ ಎಂದು ಅಂಚೆಯವರು ರಸೀದಿ ಕಳಿಸಿದ್ದಾರೆ. ನಿಮ್ಮ ಉತ್ತರ ಬಂದಿಲ್ಲ. ನೀವು ಹತ್ತನೆಯ ಕಾಗದ ಓದಿದಿರಾ?

ಡೀಟರ್ ಮೆಂಟ್ಸೆಲ್


ಲೈಪ್‌ಜಿಗ್
11 ಜೂನ್ 2000

ಮಾನ್ಯ ಊರ್ಮಿಳಾ ಅವರಿಗೆ,

ನಿಮ್ಮ ಮೌನವನ್ನು ನಾನು ಕೋಪವೆಂದು ತಿಳಿದುಕೊಂಡಿದ್ದೇನೆ. ಅದು ನ್ಯಾಯವೇ.

ಒಂದು ವಿಷಯ ಮುಚ್ಚಿಟ್ಟಿದ್ದೆ. ಕಳೆದ ಸೆಪ್ಟೆಂಬರಿನಲ್ಲಿ ನಿಮಗೆ ಬರೆಯಲು ಪಶ್ಚಾತ್ತಾಪವೊಂದೇ ಕಾರಣವಲ್ಲ. ಅಂದು ಹರಿದ ಕಡತಗಳ ಚೂರುಗಳನ್ನು ಮೂಟೆ ಮೂಟೆಯಾಗಿ ಇಟ್ಟಿದ್ದಾರೆ, ಕೂಡಿಸಿ ಅಂಟಿಸುತ್ತಿದ್ದಾರೆ. ನನ್ನ ಹೆಸರು ಯಾವಾಗ ಬೇಕಾದರೂ ಹೊರಬರಬಹುದು. ನಿಮಗೆ ಏನು ಗೊತ್ತಿದೆ ಎಂದು ತಿಳಿಯಲು ಬರೆದೆ. ನೀವು ಸೇಬಿನ ವಿಷಯ ಬರೆಯದಿದ್ದರೆ ಮುಂದಿನದನ್ನು ಹೇಳುತ್ತಿರಲಿಲ್ಲವೇನೋ.

ಕೆಂಪರಾಜು ಎಲ್ಲಿದ್ದಾರೆ ಎಂದು ಹುಡುಕಿಸಿ. ಅವರಿಗೂ ಒಂದು ವಿಷಯ ತಿಳಿಯಬೇಕು. ಇದು ಬೇಗ ಆಗಬೇಕು ಎಂದು ನನಗೆ ಅನ್ನಿಸುತ್ತಿದೆ.

ಡೀಟರ್ ಮೆಂಟ್ಸೆಲ್


ಫಾಸ್ಟರ್ ಸಿಟಿ
9 ಸೆಪ್ಟೆಂಬರ್ 2000

ಮೆಂಟ್ಸೆಲ್ ಅವರಿಗೆ,

ಕೆಂಪರಾಜು ಹೋದ ತಿಂಗಳು ಹತ್ತೊಂಬತ್ತನೇ ತಾರೀಖು ತೀರಿಕೊಂಡ. ನಲವತ್ತಮೂರು ವರ್ಷ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಫೆಬ್ರವರಿಯಲ್ಲಿ ಗೊತ್ತಾಯಿತಂತೆ, ಆಗಸ್ಟಿಗೆ ಮುಗಿಯಿತು.

ಅವನು ಎಲ್ಲಿದ್ದಾನೋ ಗೊತ್ತಿಲ್ಲ ಎಂದು ನಿಮಗೆ ಬರೆದದ್ದು ಸುಳ್ಳು. ಪ್ಲೆಸೆಂಟನ್‌ನಲ್ಲಿದ್ದ. ನಮ್ಮ ಮನೆ ಮಹಡಿಯ ಕಿಟಕಿಯಿಂದ ಕೊಲ್ಲಿಯ ಮೇಲಿನ ಸೇತುವೆ ಕಾಣುತ್ತದೆ. ಅದನ್ನು ದಾಟಿ, ಗುಡ್ಡ ಹತ್ತಿ ಇಳಿದರೆ ಪ್ಲೆಸೆಂಟನ್. ಫ್ರೀವೇ ಖಾಲಿ ಇದ್ದರೆ ನಲವತ್ತು ನಿಮಿಷ. ಅಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡಿದ್ದ. ನಮ್ಮವರ ಮದುವೆ ಕಾಗದ, ಗೃಹಪ್ರವೇಶದ ಕಾರ್ಡು, ಸಂಘದ ಯುಗಾದಿ ಸಂಚಿಕೆ, ಎಲ್ಲ ಅವನೇ ಅಚ್ಚು ಹಾಕುತ್ತಿದ್ದ. ನನ್ನ ಲೇಖನ ಬೇಕು ಅಂತ ಸಂಘದವರು ಪ್ರತಿವರ್ಷ ಕೇಳುತ್ತಿದ್ದರು. ಅವನ ಮೆಷಿನ್ನಿನಲ್ಲಿ ನನ್ನ ಹೆಸರು ಹಾದುಹೋಗಬಾರದು ಅಂತ ಒಂದು ವರ್ಷವೂ ಕೊಡಲಿಲ್ಲ.

93ರಲ್ಲಿ ರಾಜ್ಯೋತ್ಸವದ ದಿನ ಅವನನ್ನು ಇಲ್ಲಿ ಮೊದಲ ಸಲ ಕಂಡೆ. ಹೆಂಡತಿ, ಇಬ್ಬರು ಮಕ್ಕಳ ಜೊತೆ ಸಭಾಂಗಣದ ಬಾಗಿಲಲ್ಲಿದ್ದ. ನನ್ನನ್ನು ನೋಡಿದ ತಕ್ಷಣ ತಿರುಗಿ ಹೊರಗೆ ಹೋದ. ಮೋಸ ಮಾಡಿದವನಿಗೆ ನಾಚಿಕೆ ಅಂದುಕೊಂಡೆ. ಏಳು ವರ್ಷ ಹಾಗೆಯೇ ನಡೆಯಿತು. ಅವನು ಊಟದ ಸಾಲಿನಲ್ಲಿದ್ದರೆ ನಾನು ಚಪ್ಪಲಿ ಹುಡುಕುತ್ತಿದ್ದೆ.

ನಿಮ್ಮ ಪೊಟ್ಟಣ ಜನವರಿಯಲ್ಲೇ ಬಂತು. ಬಿಚ್ಚಲಿಲ್ಲ. ಕ್ಲಾಸೆಟ್ಟಿನಲ್ಲಿ ಕಂಬಳಿಗಳ ಹಿಂದೆ ಇಟ್ಟೆ. ಅದನ್ನು ಕೋಪ ಎಂದು ತಿಳಿದಿರಿ. ಕೋಪ ಅಲ್ಲ, ಹೆದರಿಕೆ. ಅವನು ಪ್ರೀತಿಯಿಂದ ಬರೆದಿದ್ದರೆ, ಈ ಮನೆ, ಅಭಿರಾಮ್, ರಂಜನಿ ಇವರೆಲ್ಲರ ನಡುವೆ ಅದನ್ನು ಎಲ್ಲಿ ಇಟ್ಟುಕೊಳ್ಳಲಿ? ನಿಮ್ಮ ಮುಂದಿನ ಎರಡು ಕಾಗದಗಳನ್ನೂ ಒಡೆಯದೆ ಅದರ ಮೇಲೆಯೇ ಇಟ್ಟೆ.

ಏಪ್ರಿಲ್ ಎಂಟರಂದು ಯುಗಾದಿ ಕಾರ್ಯಕ್ರಮ ಹೈಸ್ಕೂಲೊಂದರ ಕೆಫೆಟೇರಿಯಾದಲ್ಲಿ ಇತ್ತು. ನಾನು ಹೋಳಿಗೆಯ ಟ್ರೇ ಹತ್ತಿರ ನಿಂತಿದ್ದೆ. ಅವನು ಸಂಚಿಕೆಯ ಒಂದು ಪ್ರತಿ ಕೈಯಲ್ಲಿ ಹಿಡಿದು ಸೀದಾ ನನ್ನ ಹತ್ತಿರವೇ ಬಂದ. ಬಹಳ ಇಳಿದುಹೋಗಿದ್ದ, ಅಂಗಿ ಭುಜದಿಂದ ಜಾರುತ್ತಿತ್ತು. ಡಾಟ್‌ಕಾಮ್ ಕಂಪನಿಗಳ ಅಚ್ಚಿನ ಕೆಲಸ ಜಾಸ್ತಿಯಾಗಿ ಹೀಗಾಗಿದ್ದಾನೆ ಅಂದುಕೊಂಡೆ.

"ಊರ್ಮಿಳಾ, ಚೆನ್ನಾಗಿದ್ದೀಯಾ?" ಅಂದ.

"ಚೆನ್ನಾಗಿದ್ದೀನಿ" ಅಂದೆ.

"ಒಂದ್ನಿಮಿಷ ಕೂತ್ಕೊಂಡು ಮಾತಾಡಾಣ ಅಂತ..."

"ಮಗಳ ಜಾಕೆಟ್ಟು ಕಾರಲ್ಲಿದೆ, ತರ್ಬೇಕು" ಅಂದು ಹೊರಟೆ. ಕಾರಿನಲ್ಲಿ ಯಾವ ಜಾಕೆಟ್ಟೂ ಇರಲಿಲ್ಲ. ಪಾರ್ಕಿಂಗ್ ಲಾಟಿನಲ್ಲಿ ಇಪ್ಪತ್ತು ನಿಮಿಷ ಕೂತಿದ್ದು, ಅವನ ವ್ಯಾನು ಹೋದ ಮೇಲೆ ಒಳಗೆ ಬಂದೆ. ಆ ಹೊತ್ತಿಗೆ ಅವನ ಹದಿನಾಲ್ಕು ಕಾಗದ ನನ್ನ ಮನೆಗೆ ಬಂದು ಮೂರು ತಿಂಗಳಾಗಿತ್ತು.

ಹೇವರ್ಡಿನ ಚಿತಾಗಾರಕ್ಕೆ ಹೋಗಿದ್ದೆ. ಹಿಂದೆ ನಿಂತಿದ್ದೆ. ಅವನ ಮಗನಿಗೆ ಹದಿನಾಲ್ಕು ವರ್ಷ ಇರಬಹುದು. ಚಿತೆ ಹೊತ್ತಿಸುವ ಬಟನ್ ಒತ್ತು ಅಂದಾಗ ಆ ಹುಡುಗ ಕೈ ಹಿಂದಕ್ಕೆ ಎಳೆದುಕೊಂಡ. ಮನೆಗೆ ಬಂದು ಕಂಬಳಿಗಳನ್ನು ಎಳೆದು ಹಾಕಿ ಪೊಟ್ಟಣ ಬಿಚ್ಚಿದೆ. ಅಭಿರಾಮ್ ಬಾಗಿಲಲ್ಲಿ ನಿಂತು ನೋಡಿದರು, ರಂಜನಿಯನ್ನು ಹೊರಗೆ ಕರೆದುಕೊಂಡು ಹೋದರು.

ಮೊದಲನೆಯದರಲ್ಲಿ ಹೀಗೆ ಬರೆದಿದ್ದಾನೆ: "ಬೊಂಬಾಯಲ್ಲಿ ಇಳಿದಾಗ ಉಗುರಲ್ಲಿ ಇನ್ನೂ ಲೈಪ್‌ಜಿಗ್ ಶಾಯಿ ಇತ್ತು. ಅವ್ವ ಸೀಗೇಪುಡಿ ಹಾಕಿ ಉಜ್ಜಿದ್ಲು, ಹೋಗ್ಲಿಲ್ಲ. ಊರ್ಮಿಳಾ ಬಂದು ತಿಕ್ತಾಳೆ ಬಿಡು ಅಂದೆ. ಯಾರವಳು ಅಂತ ಕೇಳಿದ್ಲು. ಹೇಳ್ಬಿಟ್ಟೆ."

ಹತ್ತನೆಯದನ್ನು ನೋಡಿ. ಅದನ್ನು ನೀವು ಓದಿದ್ದೀರಿ, ಆದರೂ ಮತ್ತೆ ಓದಿ. "ನಿನ್ನ ಕಾಗದ ಬಂತು. ನಿಮ್ಮಪ್ಪ ಒಪ್ಪಲ್ಲ ಅಂತ ನಂಗೂ ಗೊತ್ತಿತ್ತು. ನಿನಗೂ ಹಂಗೇ ಅನ್ಸುತ್ತೆ ಅಂತ ಗೊತ್ತಿರ್ಲಿಲ್ಲ. ನಮ್ಮನೇಲಿ ನೀರು ಕುಡಿಯೋಕೆ ಹೇಸಿಗೆ ಆಗುತ್ತೆ ಅಂತ ಬರ್ದಿದ್ದೀಯ. ಹಾಸ್ಟೆಲಲ್ಲಿ ಒಂದೇ ಲೋಟ ಇತ್ತಲ್ಲ ಊರ್ಮಿಳಾ. ಆಗ ಏನು ಕುಡಿದೆ?"

ನಾನು ಇಂಥ ಕಾಗದ ಬರೆಯಲಿಲ್ಲ. ನಮ್ಮಪ್ಪ ಬ್ರಾಹ್ಮಣ, ಅವರಪ್ಪ ಒಕ್ಕಲಿಗ, ಅದು ನಿಜ. ಆದರೆ ಈ ಮಾತು ನನ್ನ ಬಾಯಲ್ಲಿ, ಮನಸ್ಸಿನಲ್ಲಿ ಎಂದೂ ಬಂದಿಲ್ಲ. ನನ್ನ ನಾಲ್ಕು ಕಾಗದವನ್ನು ನೀವೇ ತಡೆದಿರಿ. ಹಾಗಾದರೆ ಅವನಿಗೆ ತಲುಪಿದ್ದು ಯಾವುದು?

ಕೇಳಬೇಕೆಂದು ಹೇಳಿದ್ದಿರಿ. ಕೇಳುತ್ತಿದ್ದೇನೆ.

ಊರ್ಮಿಳಾ


ಲೈಪ್‌ಜಿಗ್
2 ಅಕ್ಟೋಬರ್ 2000

ಊರ್ಮಿಳಾ ಅವರಿಗೆ,

ಅದನ್ನು ನಾನು ಬರೆದೆ.

ಕೆಂಪರಾಜು ಊರಿಗೆ ಹೋದ ಮೇಲೂ ಸುಮ್ಮನಿರಲಿಲ್ಲ. ಪಶ್ಚಿಮ ಬರ್ಲಿನ್ನಿಗೆ ಬಂದು ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ ಎಂದು ಐದನೆಯ ಕಾಗದದಲ್ಲಿ ಬರೆದಿದ್ದರು. ಖಾತೆಗೆ ನೀವು ಬೇಕಾಗಿತ್ತು. ಭಾರತೀಯ ವಿದ್ಯಾರ್ಥಿಗಳ ವಿಷಯವನ್ನು ನಿಮ್ಮಿಂದ ಬರೆಸಿಕೊಳ್ಳಬೇಕು, ಅದಕ್ಕೆ ನೀವು ಒಂಟಿಯಾಗಬೇಕು ಎಂದು ತೀರ್ಮಾನವಾಯಿತು. ಹೇಗೆ ಎಂದು ಕೇಳಿದರು. ಉಪಾಯ ಹೇಳಿದವನು ನಾನೇ. ಯಾರೂ ನನ್ನನ್ನು ಬಲವಂತ ಮಾಡಲಿಲ್ಲ.

ನಿಮ್ಮ ಕೈಬರಹ ನನ್ನ ಹತ್ತಿರ ಇತ್ತು. ಗುರುವಾರದ ಪಾಠದಲ್ಲಿ ನನ್ನ ನೋಟ್‌ಪುಸ್ತಕವನ್ನು ನೀವು ಹಸಿರು ಶಾಯಿಯಲ್ಲಿ ತಿದ್ದುತ್ತಿದ್ದಿರಿ. ನಿಮ್ಮ ಮಾತಿನ ಧಾಟಿ, ಎಲ್ಲಿ ವಾಕ್ಯ ನಿಲ್ಲಿಸುತ್ತೀರಿ, ಸಿಟ್ಟು ಬಂದಾಗ ಯಾವ ಪದ ಬಿಡುತ್ತೀರಿ, ಎಲ್ಲವೂ ಗೊತ್ತಿತ್ತು. ಜಾತಿಯ ವಿಷಯ ಹಾಕಿದರೆ ಮರುಮಾತಿಲ್ಲದೆ ನಂಬುತ್ತಾರೆ ಎಂದು ಪುಸ್ತಕಗಳಿಂದ ತಿಳಿದುಕೊಂಡಿದ್ದೆ. ಮೂರು ವಾರ ಅಭ್ಯಾಸ ಮಾಡಿ ಒಂದೂವರೆ ಪುಟ ಬರೆದೆ. ನನಗೆ ಕ್ಯಾಪ್ಟನ್ ಪದವಿ ಕೊಡಿಸಿದ್ದು ಆ ಒಂದೂವರೆ ಪುಟ.

ಆ ಚಳಿಗಾಲದಲ್ಲಿ ವಿದೇಶಿ ವಿದ್ಯಾರ್ಥಿಗಳ ಕಚೇರಿಯ ಒಬ್ಬ ಮಹಿಳೆ ನಿಮ್ಮನ್ನು ಎರಡು ಸಲ ಕರೆಸಿ ಸಹಕಾರ ಕೇಳಿದರು. ಎರಡು ಸಲವೂ ನೀವು ಅಳುತ್ತ "ನನಗೆ ಅದೆಲ್ಲ ಬರಲ್ಲ" ಎಂದು ಎದ್ದುಹೋದಿರಿ. ಮೂರನೆಯ ಪ್ರಯತ್ನಕ್ಕೆ ಮುಂಚೆ ಮನಸ್ಸಿನ ಸ್ಥಿತಿ ನೋಡಿ ಬಾ ಎಂದು ನನ್ನನ್ನು ಕಳಿಸಿದರು. ಸೇಬಿಗೆ ಖಾತೆಯ ಹಣ. ಹಿಂತಿರುಗಿ ಬಂದು "ಈಕೆಯಿಂದ ಪ್ರಯೋಜನವಿಲ್ಲ" ಎಂದು ವರದಿ ಬರೆದೆ. ಕಡತ ಮುಚ್ಚಿದರು. ಅಷ್ಟೇ. ನಿಮ್ಮಿಬ್ಬರ ಬದುಕನ್ನು ಬೇರೆ ಮಾಡಿ ನಾವು ಪಡೆದದ್ದು ಏನೂ ಇಲ್ಲ.

ಅನಂತರ ಮೇಜರ್ ಆದೆ. ಈಗ ನಗರದ ಈಜುಕೊಳದ ಕಿಟಕಿಯಲ್ಲಿ ಕುಳಿತು ಟಿಕೆಟ್ ಹರಿದು ಕೊಡುತ್ತೇನೆ. ಇದನ್ನು ಕನಿಕರಕ್ಕಾಗಿ ಬರೆಯುತ್ತಿಲ್ಲ.

ಅವರು ನಿಮ್ಮಿಂದ ನಲವತ್ತು ನಿಮಿಷ ದೂರದಲ್ಲಿದ್ದರು ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಜೂನ್‌ನಲ್ಲೇ ಎಲ್ಲವನ್ನೂ ಬರೆಯುತ್ತಿದ್ದೆ ಎಂದು ಹೇಳಬೇಕೆನಿಸುತ್ತದೆ. ಆದರೆ ಬರೆಯುತ್ತಿದ್ದೆನೇ ಎಂಬುದು ನನಗೇ ತಿಳಿಯದು.

ಡೀಟರ್ ಮೆಂಟ್ಸೆಲ್


ಫಾಸ್ಟರ್ ಸಿಟಿ
21 ಜನವರಿ 2001

ಮೆಂಟ್ಸೆಲ್ ಅವರಿಗೆ,

ಇದು ನಾನು ನಿಮಗೆ ಬರೆಯುವ ಕೊನೆಯ ಕಾಗದ.

ನಿಮ್ಮ ಕಾಗದ ಬಂದ ಮೇಲೆ ಅಭಿರಾಮ್‌ಗೆ ಎಲ್ಲವನ್ನೂ ಹೇಳಿದೆ. ಅವರ ಕಂಪನಿ ಮುಚ್ಚಿ ಮನೆಯಲ್ಲೇ ಇದ್ದರು. "ಕೆಂಪರಾಜು ಹೆಂಡತಿಗೆ ಹೇಳ್ಬೇಕಲ್ವಾ? ಅವರ ಮನೇಲಿ ನೀನು ಕೆಟ್ಟವಳಾಗೇ ಇದ್ದೀಯ" ಅಂದರು. ಮೂರು ತಿಂಗಳು ಧೈರ್ಯ ಬರಲಿಲ್ಲ. ಹೋದ ಶನಿವಾರ ಹದಿನಾಲ್ಕು ಕಾಗದ ತೆಗೆದುಕೊಂಡು ಪ್ಲೆಸೆಂಟನ್‌ಗೆ ಹೋದೆ.

ಅವನ ಹೆಂಡತಿ ಹೇಮಶ್ರೀ, ಹಾಸನದವರು, ಈಗ ತಾವೇ ಪ್ರೆಸ್ ನಡೆಸುತ್ತಿದ್ದಾರೆ. ಬಾಗಿಲು ತೆರೆದವರು ನನ್ನನ್ನು ಗುರುತು ಹಿಡಿದರು. ಕೂರಿಸಲು ಜಾಗವಿರಲಿಲ್ಲ, ನೆಲದ ತುಂಬಾ ರಟ್ಟಿನ ಪೆಟ್ಟಿಗೆ. ಮುಚ್ಚಿಹೋದ ಯಾವುದೋ ಡಾಟ್‌ಕಾಮಿನ ಬಣ್ಣಬಣ್ಣದ ಬ್ರೋಷರು, ತೆಗೆದುಕೊಂಡು ಹೋಗುವವರೇ ಇಲ್ಲ. ಒಂದು ಪೆಟ್ಟಿಗೆಯ ಮೇಲೆ ಅವರು, ಇನ್ನೊಂದರ ಮೇಲೆ ನಾನು ಕೂತೆವು.

ಹೇಳಿದೆ. ಎಲ್ಲ ಹೇಳುವಷ್ಟರಲ್ಲಿ ಗಂಟೆಯೇ ಆಗಿರಬೇಕು. ಅವರು ಎದ್ದುಹೋಗಿ ಬೀರುವಿನಿಂದ ಒಂದು ಪ್ಲಾಸ್ಟಿಕ್ ಕವರು ತಂದರು. ಒಳಗೆ ನಿಮ್ಮ ಒಂದೂವರೆ ಪುಟ.

"ಇದು ನೀವು ಬರ್ದಿದ್ದಲ್ವಾ?"

ಓದಿದೆ. ಮೆಂಟ್ಸೆಲ್, ನೀವು ನಿಜವಾಗಿ ಒಳ್ಳೆಯ ವಿದ್ಯಾರ್ಥಿ. ಅದು ನನ್ನ ಕೈ, ನನ್ನ ಧಾಟಿ. ಒಂದು ಕ್ಷಣ, ಇದನ್ನು ನಾನೇ ಯಾವತ್ತೋ ಬರೆದು ಮರೆತೆನೇನೋ ಅನ್ನಿಸಿತು.

"ಅಲ್ಲ" ಅಂದೆ.

"ಮದುವೆಗೆ ಮುಂಚೆನೇ ನಂಗೆ ತೋರ್ಸಿದ್ರು. ಏನೂ ಮುಚ್ಚಿಡ್ಬಾರ್ದು ಅಂತ. ನಿಮ್ಮನ್ನ ಎಷ್ಟು ಬೈಕೊಂಡಿದ್ದೀನಿ ಗೊತ್ತಾ? ನಿಸರ್ಗಾ ಕನ್ನಡ ಕ್ಲಾಸಿಗೆ ಹೋಗ್ತೀನಿ ಅಂತ ಅತ್ತಾಗ, ಅಲ್ಲಿ ಕಲ್ಸೋದು ನೀವು ಅಂತ ಕಳಿಸ್ಲಿಲ್ಲ. ನನ್ನ ಮಗಳಿಗೆ ಇವತ್ತಿಗೂ ತನ್ನ ಹೆಸರು ಕನ್ನಡದಲ್ಲಿ ಬರಿಯೋಕೆ ಬರಲ್ಲ."

ಆಮೇಲೆ ಆ ಯುಗಾದಿಯ ವಿಷಯ ಬಂತು. ಕಾಯಿಲೆ ಗೊತ್ತಾಗಿ ಆಗ ಎರಡು ತಿಂಗಳು. ಸಿಟ್ಟು ಇಟ್ಟುಕೊಂಡು ಹೋಗಬಾರದು ಅಂತ ಮಾತಾಡಿಸಲು ಬಂದಿದ್ದನಂತೆ.

"ಮನೆಗೆ ಬಂದು ಶೂ ಕೂಡ ಬಿಚ್ಚದೆ ಕೂತ್ಕೊಂಡ್ರು. ಏನಾಯ್ತ್ರೀ ಅಂದೆ. 'ಮಾತಾಡ್ಸಿದೆ ಕಣೆ. ಬಿಟ್ಟು ಓಡೋದ್ಲು. ಇನ್ನೂ ಹೇಸಿಗೆ ಹೋಗಿಲ್ಲ ಅವಳಿಗೆ' ಅಂದ್ರು. ಆಮೇಲೆ ನಿಮ್ಮ ಹೆಸರು ಎತ್ಲಿಲ್ಲ."

ಆ ಕಾಗದವನ್ನು ನೀವು ಬರೆದಿರಿ. ಆದರೆ ಹೋಳಿಗೆ ಟ್ರೇ ಹತ್ತಿರದಿಂದ ಓಡಿಹೋದವಳು ನಾನು. ಅದರಲ್ಲಿ ಒಂದಿಷ್ಟನ್ನೂ ನಿಮ್ಮ ತಲೆಗೆ ಕಟ್ಟಲು ಆಗುವುದಿಲ್ಲ. ಜನವರಿಯಲ್ಲೇ ಪೊಟ್ಟಣ ಬಿಚ್ಚಿದ್ದರೆ ಏಳು ತಿಂಗಳು ಸಿಗುತ್ತಿತ್ತು. ಒಂದು ಮಧ್ಯಾಹ್ನ ಸಾಕಾಗಿತ್ತು.

ನಾನು ಅತ್ತೆ. ಹೇಮಶ್ರೀ ಅಳಲಿಲ್ಲ. ನಿಮ್ಮ ಒಂದೂವರೆ ಪುಟವನ್ನು ತೊಡೆಯ ಮೇಲಿಟ್ಟು ಕೈಯಿಂದ ಸುಕ್ಕು ಬಿಡಿಸುತ್ತ ಕೂತಿದ್ದರು.

"ಈ ಕಾಗದ ಬರದೇ ಇದ್ದಿದ್ರೆ ಅವರು ನಿಮ್ಮನ್ನ ಮದುವೆ ಆಗ್ತಿದ್ರು. ನಾನಿಲ್ಲಿ ಇರ್ತಿರ್ಲಿಲ್ಲ. ಹರ್ಷ, ನಿಸರ್ಗಾ ಹುಟ್ತಾನೇ ಇರ್ಲಿಲ್ಲ. ಇದು ಸುಳ್ಳು ಅಂತ ಅಳ್ಲಾ? ಹದಿನಾರು ವರ್ಷ ಸಂಸಾರ ಮಾಡಿದ್ದೀನಿ ಅಕ್ಕ. ಅದಕ್ಕೆ ಏನಂತ ಹೆಸರಿಡ್ಲಿ?"

ನನ್ನ ಮನೆಯಲ್ಲೂ ರಂಜನಿ ಇದ್ದಾಳೆ. ಅವರ ಪ್ರಶ್ನೆಗೆ ಉತ್ತರ ನಿಮ್ಮ ಹತ್ತಿರ ಇದ್ದರೂ ಬೇಡ.

ಹೊರಡುವಾಗ ಕಾಗದದ ಕಟ್ಟಿನ ಕಡೆ ನೋಡಿ, "ಅವು ಇಲ್ಲಿರ್ಲಿ. ಇಪ್ಪತ್ತೈದು ವಯಸ್ಸಲ್ಲಿ ಅವರು ಹೆಂಗಿದ್ರು ಅಂತ ನಂಗೆ ಗೊತ್ತಿಲ್ಲ. ನಾನು ನೋಡಿದ್ದು ಆಮೇಲಿನವರ್ನ" ಅಂದರು. ಕೊಟ್ಟು ಬಂದೆ. ಹದಿನಾಲ್ಕನ್ನೂ.

ಹರ್ಷ ಅಷ್ಟು ಹೊತ್ತೂ ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದ. ಬಾಗಿಲ ಹತ್ತಿರ ನನ್ನನ್ನು ತಡೆದು "ವಾಟ್ ಡಿಡ್ ಮೈ ಡ್ಯಾಡ್ ಡೂ? ವೈ ಡಿಡ್ ದೇ ಥ್ರೋ ಹಿಮ್ ಔಟ್?" ಎಂದು ಕೇಳಿದ. ಅವನ ಅಪ್ಪ ಯಾವತ್ತೂ ಹೇಳಿರಲಿಲ್ಲವಂತೆ. ನನಗೂ ಪೂರ್ತಿ ಗೊತ್ತಿಲ್ಲ. ಹಿಡಿದುಕೊಂಡು ಹೋದ ಮೇಲೆ ಎರಡು ದಿನ ಏನಾಯಿತು ಎಂಬುದು ನಿಮಗೆ ಗೊತ್ತು.

ಅದಕ್ಕೆ ನೀವು ಒಂದು ಕೆಲಸ ಮಾಡಬೇಕು. ಹೇಮಶ್ರೀಗೆ ಬರೆಯಿರಿ. ನಿಮ್ಮ ನಿಜವಾದ ಹೆಸರು, ಪದವಿ, ಮಾಡಿದ ಕೆಲಸ. ಕನ್ನಡದಲ್ಲೇ ಬರೆಯಿರಿ, ಆ ಮಕ್ಕಳು ಅಮ್ಮನ ಪಕ್ಕ ಕೂತು ಓದಿಸಿಕೊಳ್ಳಲಿ. ಕ್ಷಮೆ ಕೇಳಬೇಡಿ. ಗಂಡ ಸತ್ತು ಐದು ತಿಂಗಳಾಗಿರುವ ಹೆಂಗಸಿನ ಮೇಲೆ ಆ ಭಾರವನ್ನೂ ಹೊರಿಸಬೇಡಿ.

ವಿಳಾಸ ಕೆಳಗೆ ಇದೆ.

ಊರ್ಮಿಳಾ


ಲೈಪ್‌ಜಿಗ್
4 ಮಾರ್ಚ್ 2001

ಮಾನ್ಯ ಶ್ರೀಮತಿ ಹೇಮಶ್ರೀ ಅವರಿಗೆ,

ನನ್ನ ಹೆಸರು ಡೀಟರ್ ಮೆಂಟ್ಸೆಲ್. ಹುಟ್ಟಿದ್ದು 1946. ಹಿಂದಿನ ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಖಾತೆಯಲ್ಲಿ ಇಪ್ಪತ್ತೊಂದು ವರ್ಷ ಅಧಿಕಾರಿಯಾಗಿದ್ದೆ. ಕೊನೆಯ ಪದವಿ ಮೇಜರ್. ನಿಮ್ಮ ಭಾಷೆಯನ್ನು ಕಲಿತದ್ದು ಬೇರೆಯವರ ಕಾಗದ ಓದುವುದಕ್ಕಾಗಿ.

1982ರ ಆಗಸ್ಟಿನಲ್ಲಿ ನಿಮ್ಮ ಪತಿಗೆ ಮಂಡ್ಯದ ವಿಳಾಸಕ್ಕೆ ಬಂದ ಕಾಗದವನ್ನು ಬರೆದವನು ನಾನು. ಅದರಲ್ಲಿನ ಒಂದು ಮಾತೂ ಊರ್ಮಿಳಾ ಅವರದಲ್ಲ. ನಿಮ್ಮ ಪತಿ ಬರೆದ ಹದಿನಾಲ್ಕು ಕಾಗದಗಳನ್ನು, ಊರ್ಮಿಳಾ ಬರೆದ ನಾಲ್ಕನ್ನು ತಡೆದವನೂ ನಾನು. ಊರ್ಮಿಳಾ ಅವರ ನಾಲ್ಕು ನಾಶವಾದವು. ಅವನ್ನು ನಾನು ಮನೆಗೆ ತಂದಿರಲಿಲ್ಲ.

ನಿಮ್ಮ ಮಗ ಕೇಳಿದ ಪ್ರಶ್ನೆಗೆ ಉತ್ತರ ಹೇಳಬೇಕು.

ನಿಮ್ಮ ಪತಿ ವಿಶ್ವವಿದ್ಯಾಲಯದ ಮುದ್ರಣಶಾಲೆಯಲ್ಲಿ ಕೈಮೆಷಿನ್ನಿನ ಮೇಲೆ ಒಂದು ಕರಪತ್ರ ಅಚ್ಚು ಹಾಕಿದರು. ಅದರಲ್ಲಿ ಇದ್ದದ್ದು ಎಂಟು ಸಾಲಿನ ಒಂದು ಪ್ರಾರ್ಥನೆ, ಸೇರುವ ಜಾಗ, ವೇಳೆ. ಇದನ್ನು ಮಾಡಿಸಿಕೊಂಡವರು ಅವರ ತರಗತಿಯ ಮೂವರು ಜರ್ಮನ್ ಹುಡುಗರು. ಆ ಮೂವರ ಹೆಸರು ಸಿಕ್ಕಿದ್ದರೆ ಅವರಿಗೆ ಎರಡು ಮೂರು ವರ್ಷ ಸೆರೆಮನೆ ಖಚಿತವಾಗಿತ್ತು. ಹೆಸರು ಹೇಳಿದರೆ ಓದು ಮುಗಿಸಲು ಬಿಡುತ್ತೇವೆ, ಊರ್ಮಿಳಾ ಅವರ ಜೊತೆ ಇಲ್ಲೇ ಇರಬಹುದು ಎಂದು ನಿಮ್ಮ ಪತಿಗೆ ಹೇಳಿದರು. ನಾನು ಪಕ್ಕದ ಕೋಣೆಯಲ್ಲಿ ಕುಳಿತು ಕೇಳುತ್ತಿದ್ದೆ. ಅವರು ಸಿಟ್ಟಿನಲ್ಲಿ ಕನ್ನಡದಲ್ಲಿ ಏನಾದರೂ ಬಾಯಿಬಿಟ್ಟರೆ ಬರೆದುಕೊಳ್ಳಬೇಕಾಗಿತ್ತು. ಕನ್ನಡದಲ್ಲಿ ಒಂದೇ ಒಂದು ಸಲ, ತಮ್ಮಷ್ಟಕ್ಕೆ, "ಅವ್ವಾ" ಅಂದರು.

ಎರಡು ದಿನ ಕೇಳಿದರು. ಮಲಗಲು ಬಿಡಲಿಲ್ಲ. ಅವರು ಯಾರ ಹೆಸರನ್ನೂ ಹೇಳಲಿಲ್ಲ.

ಆ ಮೂವರು ಯಾರೆಂದು, ಸರ್ಕಾರ ಬಿದ್ದ ಮೇಲೆ ಅವರೇ ಪತ್ರಿಕೆಯಲ್ಲಿ ಹೇಳಿಕೊಂಡಾಗ ನನಗೆ ತಿಳಿಯಿತು; ಮೂವರೂ ಓದು ಮುಗಿಸಿದ್ದರು. ಒಬ್ಬ ಈಗ ಈ ಊರಿನಲ್ಲೇ ಶಾಲಾ ಮಾಸ್ತರ. ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಭಾನುವಾರ ಈಜಲು ಬರುತ್ತಾನೆ. ಟಿಕೆಟ್ ಕೊಡುವಾಗ ಅವನ ಮುಖ ನೋಡುತ್ತೇನೆ. ಇಷ್ಟು ವರ್ಷ ಅವನಿಗೆ ಏನೂ ಹೇಳಿರಲಿಲ್ಲ. ಹೋದ ಭಾನುವಾರ ಹೇಳಿದೆ.

ನಿಮ್ಮ ವಿಳಾಸ ಕೇಳಿದ. ಕೊಟ್ಟಿದ್ದೇನೆ.

ಡೀಟರ್ ಮೆಂಟ್ಸೆಲ್